ಬೋರನನ್ನು ಬಿಟ್ಟು ಬಂದ ಮೇಲೆ

ಸುಳ್ಳು ಹೇಳುವುದು ಸುಲಭ. ನಿಜ ಹೇಳುವುದೂ ಅಂಥ ಕಷ್ಟವೇನಲ್ಲ. ಆದರೆ ಎರಡನ್ನೂ ಹೇಳದೆ, ನಗುನಗುತ್ತಾ ಅರ್ಧ ಗಂಟೆ ಮಾತಾಡಿ, ಎದುರಿಗಿದ್ದವರಿಂದ "ಥ್ಯಾಂಕ್ಸ್ ಮೇಡಂ" ಅನ್ನಿಸಿಕೊಂಡು ಬರಿಗೈಲಿ ಕಳಿಸುತ್ತೀವಲ್ಲ, ಅದಕ್ಕೆ ವಿದ್ಯೆ ಬೇಕು. ನನಗೆ ಆ ವಿದ್ಯೆ ಇದೆ. ಜಂಬ ಅಂದುಕೊಂಡರೆ ಅಂದುಕೊಳ್ಳಿ. ಹೆಬ್ಬಾಳದ ಹತ್ತಿರ ಒಂದು ಕಂಪನಿಯಲ್ಲಿ ನಾನು ಎಚ್‌ಆರ್. ಸಂಬಳ ಸಾಲದು ಅಂತ ಬಂದವರಿಗೆ "ನಿಮ್ಮ ಮಾತನ್ನ ಮೇಲಕ್ಕೆ ತಲುಪಿಸ್ತೀನಿ" ಅನ್ನುತ್ತೇನೆ. ಮ್ಯಾನೇಜರ್ ಕಾಟ ತಡೆಯಲಾಗದೆ ಅತ್ತವರಿಗೆ "ನಿಮ್ಮ ಭಾವನೆ ನನಗೆ ಅರ್ಥ ಆಗುತ್ತೆ" ಅನ್ನುತ್ತೇನೆ. ಕೆಲಸವಿಲ್ಲದೆ ಕುರ್ಚಿ ಬಿಸಿ ಮಾಡುತ್ತಾ ಕೂತವರಿಗೆ "ಸ್ವಲ್ಪ ದಿನ ಇಲ್ಲೇ ಇರಿ, ನಾನೇ ಬಂದು ಮಾತಾಡ್ತೀನಿ" ಅನ್ನುತ್ತೇನೆ. ಮನೆಯಲ್ಲೂ ಇದೇ ವಿದ್ಯೆಯಿಂದ ಗಂಡನನ್ನೂ ಮಗಳನ್ನೂ ಗಂಡನ ಕಡೆಯ ಅಷ್ಟೂ ನೆಂಟರನ್ನೂ ನಿಭಾಯಿಸಿಕೊಂಡು ಬಂದಿದ್ದೇನೆ. ನನ್ನ ಬೇಳೆ ಬೇಯದಿದ್ದದ್ದು ಒಬ್ಬರ ಹತ್ತಿರ ಮಾತ್ರ. ಅವರು ನಮ್ಮತ್ತೆ ಮುನಿತಾಯಮ್ಮ. ಈಚೆಗೆ ಅವರ ಜೊತೆ ಒಂದು ವೀಡಿಯೋ ಗೇಮ್ ಕೂಡ ಸೇರಿಕೊಂಡು ನನ್ನ ವಿದ್ಯೆಯನ್ನು ಒಗೆದು ಹಿಂಡಿ ಒಣಹಾಕಿತು.

ಆದದ್ದಿಷ್ಟು. ನಮ್ಮ ಕೊಡಿಗೇಹಳ್ಳಿಯ ಬೀದಿಯನ್ನು ಯಾರೋ ಅಗೆದು ಹೋಗಿದ್ದರು. ಯಾರು ಅಂತ ಇವತ್ತಿಗೂ ಗೊತ್ತಿಲ್ಲ. ಫೋನಿನಲ್ಲಿ ಮಾತಾಡುತ್ತಾ ಗುಂಡಿಗೆ ಕಾಲಿಟ್ಟೆ. ಪಾದಕ್ಕೆ ಪ್ಲಾಸ್ಟರ್ ಬಿತ್ತು, ರಜೆ ಸಿಕ್ಕಿತು. ಮೊದಲೆರಡು ದಿನ ಸಂಭ್ರಮ. ಆಮೇಲೆ ಮಧ್ಯಾಹ್ನಗಳು ಚೂಯಿಂಗ್ ಗಮ್ಮಿನ ಹಾಗೆ ಎಳೆದಷ್ಟೂ ಉದ್ದವಾಗತೊಡಗಿದವು. ಕಾಲೇಜಿಗೆ ಹೋಗುವ ಮಗಳು ಮೇಘನಾ ನನ್ನ ಗೊಣಗಾಟ ಕೇಳಲಾರದೆ ತನ್ನ ಗೇಮ್ ಪೆಟ್ಟಿಗೆಯನ್ನು ಟೀವಿಗೆ ಜೋಡಿಸಿ, "ಅಮ್ಮಾ, ಇದನ್ನ ಆಡು. ಇದ್ರಲ್ಲಿ ಹೊಡೆದಾಟಕ್ಕಿಂತ ಮಾತೇ ಜಾಸ್ತಿ. ನಿಂಗೆ ಹೇಳಿ ಮಾಡ್ಸಿದ್ದು" ಅಂದಳು. ಕತ್ತಿ, ಕೋಟೆ, ಮಾಟಗಾತಿ, ರೆಕ್ಕೆಯ ಹಾವು ಎಲ್ಲ ಇರುವ ಒಂದು ಹಳೆಯ ರಾಜ್ಯ. ಅಲ್ಲಿ ನಾವು ಆಡಿಸುವವಳು ಒಬ್ಬ ಅಲೆಮಾರಿ ಯೋಧೆ. ಯಾರಾದರೂ ಎದುರಾಗಿ ಮಾತಾಡಿಸಿದರೆ ಕೆಳಗೆ ನಾಲ್ಕೈದು ಉತ್ತರಗಳು ಬರುತ್ತವೆ, ನಮಗೆ ಬೇಕಾದ್ದನ್ನು ಆರಿಸಬೇಕು. ಆರಿಸಿದ ಮೇಲೆ ಪರದೆಯ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಒಂದು ಸಾಲು ಮೂಡಿ ಮಾಯವಾಗುತ್ತದೆ: "ಇವನು ಇದನ್ನು ನೆನಪಿಟ್ಟುಕೊಳ್ಳುತ್ತಾನೆ." ನನಗೆ ನಗು ಬಂತು. ನಮ್ಮ ಆಫೀಸಿನಲ್ಲಿ ಇಂಥ ಸಾಲು ಮೂಡುವ ಹಾಗಿದ್ದಿದ್ದರೆ ನಾನು ಎಂದೋ ಊರು ಬಿಡಬೇಕಾಗಿತ್ತು.

ಅತ್ತೆ ಬಂದು ಕೂತದ್ದು ಆಟ ನೋಡುವುದಕ್ಕಲ್ಲ, ಅವರೇಕಾಯಿ ಸುಲಿಯಲು ಇನ್ನೆರಡು ಕೈ ಬೇಕಾಗಿತ್ತು. "ಕಾಲ್ ತಾನೇ ಮುರ್ದಿರಾದು, ಕೈ ನೆಟ್ಟಗೈತಲ್ಲ" ಅನ್ನುತ್ತಾ ಮೊರ ತಂದಿಟ್ಟರು. ಅವರು ಇದೇ ಊರಿನವರು. ಈಗ ಐದಂತಸ್ತಿನ ಕಟ್ಟಡದ ಲಿಫ್ಟ್ ಇರುವ ಜಾಗವನ್ನು ತೋರಿಸಿ "ಅಲ್ಲಿ ನಮ್ ರಾಗಿ ಕಣ ಇತ್ತು" ಅನ್ನಬಲ್ಲವರು. ಮಾತಿನಲ್ಲಿ 'ಹ'ಕಾರ ಹುಡುಕಿದರೂ ಸಿಗುವುದಿಲ್ಲ. ಪರದೆಯ ಮೇಲೆ ನನ್ನ ಯೋಧೆಯನ್ನು ನೋಡಿ, "ಯಾರೇ ಇವ್ಳು?" ಅಂದರು. ನಾನೇ, ನನ್ನ ಹೆಸರೇ ಇಟ್ಟಿದ್ದೇನೆ, ಶೈಲಾ ಅಂದೆ. ಅವಳ ಸೊಂಟವನ್ನೂ ನನ್ನ ಸೊಂಟವನ್ನೂ ಒಂದೊಂದು ಸಲ ನೋಡಿ "ಊಟ ಬುಟ್ಟವ್ಳಾ?" ಅಂದರು.

ಅಷ್ಟು ಹೊತ್ತಿಗೆ ನಾನು ಶೈಲಾಳನ್ನು ಒಂದು ಮನೆಯೊಳಗೆ ನುಗ್ಗಿಸಿ ಪೆಟ್ಟಿಗೆ ತೆಗೆಸುತ್ತಿದ್ದೆ. ಇಂಥ ಆಟಗಳಲ್ಲಿ ಅದು ಮಾಮೂಲು. ಅತ್ತೆಯ ಕೈಯಲ್ಲಿದ್ದ ಕಾಯಿ ಹಾಗೇ ನಿಂತಿತು. "ಯಾರ್ ಮನೆ ಅದು?" ಯಾರದ್ದೋ ಅತ್ತೆ, ಅಂದೆ. "ಯಾರ್ದೋ ಅಂದ್ರೆ? ಮನೇಲಿ ಯಾರೂ ಇಲ್ದಾಗ ಒಳಿಕ್ಕೋಗಿ ಪೆಟ್ಗೆ ತೆಗೀತಾಳಲ್ಲ, ಎಂಥ ಮನೆತನದ ಎಣ್ಣೇ ಇವ್ಳು! ಮುಚ್ಚು ಮೊದ್ಲು!" ಮುಚ್ಚಿಸಿದೆ. ಆಚೆ ಬಂದರೆ ಪಕ್ಕದ ಮನೆಯ ಕಾಂಪೌಂಡಿನಲ್ಲಿ ನೀಲಿ ಹೂವಿನ ಗಿಡ. "ಅಗೋ ಅಗೋ ಊವ! ಕಿತ್ಕೋ, ಬೇಗ ಕಿತ್ಕೋ, ಯಾರಾನ ಬತ್ತಾರೆ!" ಅದೂ ಬೇರೆಯವರದ್ದೇ ಅಲ್ಲವಾ ಅತ್ತೆ ಅಂದೆ. "ಊವು ದೇವ್ರುದು. ಅದುಕ್ಯಾರ ಅಪ್ಣೆ ಬೇಕು?" ನಮ್ಮ ಬೀದಿಯ ಅರ್ಧ ಕಾಂಪೌಂಡುಗಳ ದಾಸವಾಳ ದಿನಾ ಬೆಳಗ್ಗೆ ನಮ್ಮನೆ ದೇವರ ತಲೆಯ ಮೇಲೆ ಹೇಗಿರುತ್ತದೆ ಅನ್ನುವುದು ನನಗೆ ಗೊತ್ತಿದ್ದರಿಂದ ಹೂವು ಕೀಳಿಸಿದೆ.

ಆ ರಾಜ್ಯದಲ್ಲಿ ನಮಗೊಬ್ಬ ಜೊತೆಗಾರ ಸಿಕ್ಕಿದ. ಹಸಿರು ಮೈ, ಎತ್ತಿನಂಥ ಹೆಗಲು, ಬಾಯಿಂದ ಆಚೆ ಬಂದ ಎರಡು ಕೋರೆಹಲ್ಲು. ಅವನ ಹೆಸರು ಬೋರ್ಗ್‌ರಕ್ಕೋ ಏನೋ, ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿದವರು ಹೇಳಬೇಕಾದಂಥದ್ದು. ಅತ್ತೆ ಅವನಿಗೆ ಅಲ್ಲೇ ಬೋರ ಅಂತ ನಾಮಕರಣ ಮಾಡಿದರು. ಬೋರ ಮಾತಾಡುವುದು ಕಡಿಮೆ. ನಮ್ಮ ಗಂಟುಮೂಟೆಯನ್ನೆಲ್ಲ ಹೊರುತ್ತಾನೆ. ಕಾಡಿನಲ್ಲಿ ಬೆಂಕಿ ಹಾಕಿ ಶೈಲಾ ಮಲಗಿದರೆ ಅವನು ಕೂತು ಕಾಯುತ್ತಾನೆ. "ಅವ್ನು ಉಂಡ್ನಾ?" ಅಂತ ಅತ್ತೆ ಕೇಳುವುದು, ನಾನು ಹೂಂ ಅನ್ನುವುದು, "ನಾನ್ ನೋಡ್ಲೇ ಇಲ್ವಲ್ಲ" ಅಂತ ಅವರು ಅನುಮಾನ ಪಡುವುದು ದಿನಚರಿಯಾಯಿತು. ಮನೆಯ ಗಂಡಸರ ಊಟದ ಬಗ್ಗೆ ಈ ಕಾಳಜಿಯನ್ನು ನಾನು ಕಂಡಿರಲಿಲ್ಲ.

ಅತ್ತೆಗೆ ಇಂಗ್ಲಿಷ್ ಬಾರದು. ಹಾಗಾಗಿ ಪ್ರತಿ ಮಾತನ್ನೂ ನಾನು ಕನ್ನಡ ಮಾಡಿ ಹೇಳಬೇಕು. ಅಲ್ಲಿ ನನ್ನ ಕೈಚಳಕ ತೋರಿಸಲು ಹೋದೆ. ಒಮ್ಮೆ ಬೋರ ತನ್ನ ಸತ್ತ ತಮ್ಮನ ವಿಷಯ ಎತ್ತಿದ. ನನಗೆ ಮುಂದಿನ ಊರಿಗೆ ಹೋಗುವ ಅವಸರ, "ಇದನ್ನು ಆಮೇಲೆ ಮಾತಾಡೋಣ" ಅನ್ನುವ ಉತ್ತರ ಒತ್ತಿದೆ. "ಏನಂದೆ?" ಅಂತ ಅತ್ತೆ. "ಹೇಳಪ್ಪಾ ಅಂದೆ." ಅತ್ತೆ ಟೀವಿಯನ್ನೇ ದಿಟ್ಟಿಸಿದರು. "ಸುಳ್ಳು. ಏಳಪ್ಪಾ ಅಂದಿದ್ರೆ ಮೊಕ ಯಾಕಂಗೆ ಇಳೇ ಬುಟ್ಕಂಡ?" ನೋಡಿದರೆ ಹೌದು, ಬೋರನ ಕಿವಿ ಒಂದು ಚೂರು ಜೋತಿತ್ತು, ಕಣ್ಣು ಬೆಂಕಿಯ ಕಡೆ ತಿರುಗಿತ್ತು. ಇಷ್ಟು ದಿನ ನಾನು ಅದನ್ನು ಗಮನಿಸಿಯೇ ಇರಲಿಲ್ಲ. ಯಾವ ದೇಶದಲ್ಲಿ ಕೂತು ಯಾವ ಪುಣ್ಯಾತ್ಮರು ಇದನ್ನು ಮಾಡಿದರೋ, ಒಂದು ಹಸಿರು ರಾಕ್ಷಸನಿಗೆ ಬೇಜಾರಾದರೆ ಕಿವಿ ಎಷ್ಟು ಬಗ್ಗಬೇಕು ಅಂತ ಕೂತು ಯೋಚಿಸಿದ್ದಾರಲ್ಲ! ಅವರಿಗೆ ಮನಸ್ಸಿನಲ್ಲೇ ಕೈಮುಗಿದೆ.

ಹೀಗಿರುವಾಗ ಉತ್ತರದ ಕೋಟೆ ಬಂತು. ಕೋಟೆಯ ಬಾಗಿಲಲ್ಲಿ ಸಂಜೆ ಹೊತ್ತಿನ ಗೊರಗುಂಟೆಪಾಳ್ಯದ ಸಿಗ್ನಲ್ಲಿನ ಹಾಗೆ ಗಾಡಿ, ಎತ್ತು, ಜನ, ಬೈಗುಳ. ಕೋಟೆಯ ಅಧಿಕಾರಿ ಬೋರನನ್ನು ನೋಡಿ, ಇವನ ಕುಲದವರು ನಮ್ಮ ಗಿರಣಿ ಸುಟ್ಟಿದ್ದಾರೆ, ಇವನನ್ನು ವಿಚಾರಣೆಗೆ ಇಲ್ಲೇ ಬಿಟ್ಟರೆ ಮಾತ್ರ ನಿನಗೆ ಬಾಗಿಲು ತೆಗೆಯುತ್ತೇನೆ ಅಂದ. ಬೋರ ಸುಟ್ಟಿಲ್ಲ, ಅದು ನಮಗೂ ಗೊತ್ತು. ಕತ್ತಿ ಹಿಡಿದು ಹೊಡೆದಾಡಬಹುದು. ಇಲ್ಲ, ಕಾಡಿನ ಸುತ್ತುದಾರಿ ಹಿಡಿಯಬಹುದು, ಅದು ಬಹಳ ಕಷ್ಟ ಅಂತ ಮೇಘನಾ ಮೊದಲೇ ಹೇಳಿದ್ದಳು. ಇನ್ನೊಂದು ಉತ್ತರವಿತ್ತು. ಅದನ್ನು ಕಂಡು ನನಗೆ ತವರಿನವರನ್ನು ಕಂಡಷ್ಟು ಸಂತೋಷವಾಯಿತು. ಬೋರನಿಗೆ ಹೇಳಬೇಕಾದ ಮಾತು ಅದು: "ಸ್ವಲ್ಪ ದಿನ ಇಲ್ಲೇ ಇರು, ನಾನೇ ಬಂದು ಕರೆದುಕೊಂಡು ಹೋಗುತ್ತೇನೆ." ಒತ್ತಿದೆ. ಬೋರ ತಲೆಯಾಡಿಸಿದ. ಗಂಟು ಇಳಿಸಿದ. ಅದರಿಂದ ತನ್ನ ಕಂಬಳಿ ತೆಗೆದು, ಉತ್ತರದಲ್ಲಿ ಚಳಿ ಅಂತ ಶೈಲಾಳಿಗೇ ಕೊಟ್ಟ. ಮೂಲೆಯಲ್ಲಿ ಆ ಸಾಲು ಮೂಡಿತು. ಈ ಸಲ ನಾನು ಅತ್ತೆಗೆ ಒಂದಕ್ಷರ ಬದಲಿಸದೆ ಹೇಳಿದೆ. "ಮಾತ್ ಕೊಟ್ಟಿದ್ದೀಯ ಸೈಲಾ, ತಪ್ಪಂಗಿಲ್ಲ" ಅಂದರು. ಖಂಡಿತ ಅತ್ತೆ, ಅಂದೆ.

ಉತ್ತರದ ರಾಜ್ಯ ಬಹಳ ಚೆನ್ನಾಗಿತ್ತು, ತಪ್ಪು ನನ್ನದಲ್ಲ. ಹೆಜ್ಜೆಗೊಬ್ಬರು ಸಿಕ್ಕಿ ಸಹಾಯ ಕೇಳುತ್ತಾರೆ. ಮಾಟಗಾತಿಗೆ ಅಣಬೆ ಬೇಕು, ಮುದುಕನ ಮೇಕೆ ಕಳೆದಿದೆ, ಎರಡು ದೆವ್ವಗಳಿಗೆ ಮದುವೆಯಾಗಬೇಕಂತೆ. ಅತ್ತೆ ದಿನವೂ ಕೇಳುವರು: "ಬೋರನ್ನ ಯಾವಾಗ ಕರ್ಕೊಂಬರಾದು?"

"ಹೋಗೋಣ ಅತ್ತೆ. ಈ ಮೇಕೆ ಒಂದು ಸಿಗಲಿ."

"ಮೇಕೆ ನೆನ್ನೆ ಸಿಕ್ತಲ್ಲ?"

"ಈ ಮದುವೆ ಒಂದು ಮುಗೀಲಿ."

"ಸತ್ತೋರ್ ಮದ್ವೆಗೆ ಏನೇ ಅವ್ಸರ? ಬದ್ಕಿರೋನು ಕಾಯ್ತಾವ್ನೆ, ಅವ್ನ್ ಕಡೀಕೆ ನೋಡು."

ನನಗೆ ನಿಜವಾಗಿ ರೇಗುತ್ತಿತ್ತು. ಗೇಮಿನಲ್ಲಿ ಕಾಯುವವರು ಕಾಯುತ್ತಲೇ ಇರುತ್ತಾರೆ, ಅವರಿಗೇನು ಬಾಡಿಗೆ ಕಟ್ಟಬೇಕೇ ಅನ್ನುವುದು ನನ್ನ ವಾದ. ಅದೂ ಅಲ್ಲದೆ ದೆವ್ವಗಳ ಮದುವೆಯಲ್ಲಿ ಒಳ್ಳೆಯ ಬೆಳ್ಳಿಯ ಕವಚ ಉಡುಗೊರೆ ಸಿಕ್ಕಿತ್ತು.

ಕೊನೆಗೆ ಒಂದು ಮಧ್ಯಾಹ್ನ ಅತ್ತೆಯ ಮುಖ ನೋಡಲಾರದೆ ಕೋಟೆಗೆ ಹೋದೆ. ಸೆರೆಮನೆಯ ಕೋಣೆ ಖಾಲಿ. ಕಾವಲಿನ ಮುದುಕ ಹೇಳಿದ್ದನ್ನು ನಾನು ಸಾಲು ಸಾಲಾಗಿ ಓದಿ ಕನ್ನಡ ಮಾಡುತ್ತಾ ಹೋದೆ: "ವಿಚಾರಣೆಯ ದಿನ ಅವನ ಪರವಾಗಿ ಹೇಳುವವರು ಯಾರೂ ಬರಲಿಲ್ಲ. ಕಲ್ಲುಗಣಿಗೆ ಹಾಕಿದರು. ಇಲ್ಲಿದ್ದಷ್ಟು ದಿನ, ಬಾಗಿಲು ಸದ್ದಾದಾಗೆಲ್ಲ ಎದ್ದು ನಿಲ್ಲುತ್ತಿದ್ದ. ಮೊದಮೊದಲು ನಾವು ನಗುತ್ತಿದ್ದೆವು."  ಅತ್ತೆ, "ಎದ್ ನಿಂತ್ಕಂತಿದ್ನಂತಾ?" ಅಂದರು. ಹೂಂ ಅಂದೆ. ಸೆರಗಿನಿಂದ ಕಣ್ಣೊರೆಸಿಕೊಂಡರು. ಬೈದಿದ್ದರೆ ವಾಸಿಯಿತ್ತು, ಬೈಯಲಿಲ್ಲ. ಅವತ್ತು ಅವರೇಕಾಳಿನ ಸಾರು ಮಾಡಿದವರೇ ಎರಡು ತುತ್ತು ತಿಂದು ಎದ್ದರು. ಎಷ್ಟೋ ಜನ ನನ್ನ ಮುಂದೆ ಅತ್ತಿದ್ದಾರೆ, ಎಲ್ಲರಿಗೂ ಟಿಶ್ಯೂ ಡಬ್ಬಿ ಸರಿಸಿ ಒಂದು ಮಾತು ಹೇಳಿದ್ದೇನೆ. ಅವತ್ತು ಆ ಮಾತು ಬಾಯಿಗೆ ಬರಲಿಲ್ಲ.

ಆದರೆ ನನ್ನ ಹತ್ತಿರ ಬೇರೆ ಉಪಾಯವಿತ್ತು. ಆಟದಲ್ಲಿ ಅಲ್ಲಲ್ಲಿ ಸೇವ್ ಮಾಡಿಟ್ಟಿರುತ್ತೇವೆ, ಬೇಕಾದರೆ ಹಿಂದಿನ ಜಾಗಕ್ಕೇ ವಾಪಸು ಹೋಗಿ ಬೇರೆ ಉತ್ತರ ಕೊಡಬಹುದು. ಅತ್ತೆಗೆ ಇದನ್ನು ವಿವರಿಸಿದೆ. ಕೋಟೆಗೆ ಬರುವ ಮುಂಚಿನಿಂದ ಮತ್ತೆ ಶುರು ಮಾಡೋಣ, ಏನೂ ಆಗಿಯೇ ಇಲ್ಲ ಅನ್ನುವ ಹಾಗೆ.

"ಅಂಗಾರೆ ಅವ್ನು ಎದ್ದೆದ್ ನಿಂತ್ಕಂಡಿದ್ದು?"

"ಅದು ಆಗಿಲ್ಲ ಅಂತ ಆಗುತ್ತೆ ಅತ್ತೆ."

"ಆಗೈತಲ್ಲೇ. ನಾನ್ ಕೇಳಿಸ್ಕೊಂಡ್ನಲ್ಲ." ಮೊರವನ್ನು ಪಕ್ಕಕ್ಕಿಟ್ಟರು. "ಗಣಿ ಎಲ್ಲೈತೆ? ನಡಿ ಓಗಾನ."

ಸರಿ, ಹೊರಟೆ. ಕೋಟೆಯ ಬಾಗಿಲು ದಾಟುವ ಮೊದಲೇ ಅತ್ತೆ ತಡೆದರು. "ಬರಿಗೈಲಿ ಓಯ್ತಿದ್ದೀಯಾ?" ಅತ್ತೆ, ಇದು ಗೇಮು, ಅಂದೆ. "ಏನಾನ ಆಗ್ಲಿ. ಆಸ್ಪತ್ರೆಗೆ, ಬಾಣ್ತಿ ಮನೆಗೆ, ಜೈಲಿಗೆ ಬರಿಗೈಲಿ ಓಗ್ಬಾರ್ದು." ನೀವು ಜೈಲಿಗೆ ಯಾವಾಗ ಹೋಗಿದ್ರಿ ಅಂದರೆ, "ಓಗಿಲ್ಲ. ಓಗಾದಾದ್ರೆ ಇಂಗೇನೆ" ಅಂದರು. ಆಟದಲ್ಲಿ ಅಡುಗೆ ಮಾಡಲು ಬರುತ್ತದೆ, ಆದರೆ ನಾನು ಒಂದು ದಿನವೂ ಮಾಡಿರಲಿಲ್ಲ. ಆಟದಲ್ಲಾದರೂ ಅಡುಗೆಮನೆಯಿಂದ ತಪ್ಪಿಸಿಕೊಂಡೆ ಅಂತ ನೆಮ್ಮದಿಯಾಗಿದ್ದೆ. ಈಗ ಮಾಂಸ ಸಿಕ್ಕಿತು, ಗೆಡ್ಡೆ ಸಿಕ್ಕಿತು, ಉಪ್ಪಿಲ್ಲ. ಉಪ್ಪಿಗೆ ಸಂತೆಗೆ ವಾಪಸು ಹೋಗಬೇಕಾಯಿತು. ಗಂಟು ಹೊರಲು ಬೋರ ಇಲ್ಲ. ಬೆಳ್ಳಿಯ ಕವಚದ ಜೊತೆ ಒಂದು ಪಾತ್ರೆ ಸಾರು ಸೇರಿ ಭಾರ ಮಿತಿ ಮೀರಿತು, ಶೈಲಾಳಿಗೆ ಓಡಲಿಕ್ಕೇ ಆಗದು. ಬೆಟ್ಟ ಗುಡ್ಡ ಹತ್ತಿ ಇಳಿದು ಗಣಿಯವರೆಗೂ ಬಗ್ಗಿಕೊಂಡೇ ನಡೆದಳು. ಪ್ಲಾಸ್ಟರ್ ಕಾಲಿನ ನಾನೇ ಅವಳಿಗಿಂತ ಬೇಗ ತಲುಪುತ್ತಿದ್ದೆ.

ಗಣಿಯ ಬಾಗಿಲಲ್ಲಿ ಕಾವಲುಗಾರ ಒಳಗೆ ಬಿಡಲಿಲ್ಲ. ನನ್ನ ಎಲ್ಲ ಸಿಹಿಮಾತುಗಳಿಗೂ "ಇಲ್ಲ." ಆಗ ಕೆಳಗೆ ಒಂದು ಹೊಸ ಉತ್ತರ ತಾನಾಗಿ ಬೆಳಗಿತು: "ಅವನಿಗೆ ಊಟ ತಂದಿದ್ದೇನೆ." ನಾನು ಕೂಗಿದ ಕೂಗಿಗೆ ಅವರೇಕಾಯಿ ಸಿಪ್ಪೆ ಹಾರಿತು. ಎಲ್ಲಿ ಕೂತವರೋ, ಯಾರೋ, ಸೆರೆಯಲ್ಲಿರುವವನನ್ನು ನೋಡಲು ಬರುವವಳು ಬುತ್ತಿ ಕಟ್ಟಿಕೊಂಡು ಬರಬಹುದು ಅಂತ ಯೋಚಿಸಿ, ಬಂದರೆ ಇರಲಿ ಅಂತ ಒಂದು ಬಾಗಿಲನ್ನು ಮಾಡಿಟ್ಟಿದ್ದಾರೆ. ಸಾವಿರ ಜನ ಆಡಿದರೆ ಎಷ್ಟು ಜನ ಉಪ್ಪಿಗೆ ಅಂತ ಸಂತೆಗೆ ವಾಪಸು ಹೋಗುತ್ತಾರೆ? ಈ ಆಟ ಮಾಡಿದವರ ಮನೆಯಲ್ಲೂ ಒಬ್ಬ ಮುನಿತಾಯಮ್ಮ ಇರಲೇಬೇಕು. ನಮ್ಮತ್ತೆಗೆ ಮಾತ್ರ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. "ಊಟ ತಂದೋರ್ನ ಯಾರಾನ ಬ್ಯಾಡ ಅಂತಾರಾ?" ಅಂದರು.

ಬೋರ ಒಂದು ಬಂಡೆಯ ಮೇಲೆ ಕೂತಿದ್ದ. ಸೊರಗಿದ್ದ. ಒಂದು ಕೋರೆಹಲ್ಲು ಮುರಿದಿತ್ತು. ಶೈಲಾಳನ್ನು ನೋಡಿ ಎದ್ದು ನಿಲ್ಲಲಿಲ್ಲ. ಪಾತ್ರೆ ತೆಗೆದುಕೊಂಡು ತಿನ್ನತೊಡಗಿದ. ಉತ್ತರಗಳು ಬಂದವು. "ದಾರಿ ಸರಿಯಿರಲಿಲ್ಲ." "ನನ್ನ ಕೈಯಲ್ಲಿ ಏನೂ ಇರಲಿಲ್ಲ." "ನಿನ್ನ ಒಳ್ಳೆಯದಕ್ಕೇ ಹಾಗೆ ಮಾಡಿದೆ." ಕೊನೆಯಲ್ಲಿ, ಏನೂ ಹೇಳದಿರುವುದು. ಆ ಕೊನೆಯದನ್ನು ನಾನು ಅತ್ತೆಗೆ ಓದಿ ಹೇಳಲೂ ಇಲ್ಲ. ನಮ್ಮ ವೃತ್ತಿಯಲ್ಲಿ ಅದನ್ನು ಉತ್ತರ ಅಂತ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. 'ನಿನ್ನ ಒಳ್ಳೆಯದಕ್ಕೇ' ಒತ್ತಿದೆ. ಬೋರ ಪಾತ್ರೆ ಕೆಳಗಿಟ್ಟ. "ಊಟ ತಂದೆ ಅಂದುಕೊಂಡೆ. ಮಾತು ತಂದಿದ್ದೀಯ" ಅಂದು ಸುತ್ತಿಗೆ ತೆಗೆದುಕೊಂಡು ಕಲ್ಲಿನ ಕಡೆ ಹೋದ. ಏನು ಹೇಳಿದೆ ಅಂತ ಅತ್ತೆ ಕೇಳಿದರು. ಹೇಳಿದೆ. ಆ ಪಾತ್ರೆಯ ಕಡೆ ಬೆರಳು ಮಾಡಿ, "ಅರ್ಧ ಊಟ್ದಲ್ ಎಬ್ಬಿಸ್ಬುಟ್ಯಲ್ಲೇ ಸೈಲಾ" ಅಂದರು.

ಮಾರನೆಯ ದಿನ ಅತ್ತೆ ಮಗನ ಜೊತೆ ಚಿಕ್ಕಬಾಣಾವರಕ್ಕೆ ಒಂದು ನಾಮಕರಣಕ್ಕೆ ಹೋದರು. ಮನೆಯಲ್ಲಿ ನಾನೊಬ್ಬಳೇ. ಅವರಿಗೆ ಖುಷಿಯಾಗಲಿ ಅಂತಲೇ ಮಾಡಿದ್ದು, ದೇವರಾಣೆಗೂ. ಕೋಟೆಗೆ ಮುಂಚಿನ ಸೇವ್ ತೆಗೆದೆ. ಅಧಿಕಾರಿಗೆ ಆಗಲ್ಲ ಅಂದೆ. ಕಾಡಿನ ಸುತ್ತುದಾರಿ ಹಿಡಿದೆ, ತೋಳಗಳ ಕೈಯಲ್ಲಿ ಸಾಕುಸಾಕಾಗುವಷ್ಟು ಕಚ್ಚಿಸಿಕೊಂಡೆ. ಅತ್ತೆ ತಾಂಬೂಲದ ಚೀಲ ಹಿಡಿದು ಒಳಗೆ ಬರುವ ಹೊತ್ತಿಗೆ ಬೋರ ಎರಡೂ ಕೋರೆಹಲ್ಲಿನ ಸಮೇತ, ಗಂಟು ಹೊತ್ತು, ಶೈಲಾಳ ಹಿಂದೆ ಗುಂಡುಕಲ್ಲಿನ ಹಾಗೆ ನಡೆದು ಬರುತ್ತಿದ್ದ. "ನೋಡಿ ಅತ್ತೆ!" ಅಂದೆ. ಅತ್ತೆ ನಿಂತೇ ನೋಡಿದರು.

"ಯಾರಿವ್ನು?"

"ಬೋರ ಅತ್ತೆ! ನಮ್ಮ ಬೋರ!"

"ಅಲ್ಲ ಬುಡು." ಚೀಲದಿಂದ ತೆಂಗಿನಕಾಯಿ ತೆಗೆದು ಟೀಪಾಯಿಯ ಮೇಲಿಟ್ಟರು. "ನಮ್ ಬೋರ ಗಣೀಲವ್ನೆ, ಅರ್ಧ ಊಟ ಮಾಡ್ಕಂಡು. ಇವ್ನಿಗೆ ಪಾಪ ಏನೂ ಗೊತ್ತಿಲ್ಲ. ನಿಂಗೊತ್ತು, ನಂಗೊತ್ತು. ಅದೆಂಗ್ ಇವ್ನ್ ಮೊಕ ನೋಡ್ತಿದ್ದೀಯೋ, ನನ್ ಕೈಲಂತೂ ಆಗಲ್ಲ." ಸೀರೆ ಬದಲಾಯಿಸಲು ಒಳಗೆ ಹೋದರು.

ನಾನು ಇವನ ಮುಖ ನೋಡಿದೆ. ಬೋರ ನಂಬಿಕೆಯಿಂದ ನೋಡುತ್ತಿದ್ದ, ಕಿವಿ ನೆಟ್ಟಗಿತ್ತು. ಅದನ್ನು ನೋಡುತ್ತಾ ಕೂರುವುದು ಕಷ್ಟವಾಯಿತು. ಅತ್ತೆ ಆಚೆ ಬರುವಷ್ಟರಲ್ಲಿ ಆ ಆಟವನ್ನು ಅಳಿಸಿ, ಹಿಂದಿನ ದಿನ ಗಣಿಯಲ್ಲಿ ನಿಲ್ಲಿಸಿದ್ದ ಆಟಕ್ಕೆ ವಾಪಸು ಬಂದಿದ್ದೆ. ಶೈಲಾ ಮತ್ತೆ ಸಂತೆಯಲ್ಲಿ ಉಪ್ಪು ಕೊಳ್ಳುತ್ತಿದ್ದಳು. ಭಾರ ಕಡಿಮೆಯಾಗಲಿ ಅಂತ ಬೆಳ್ಳಿಯ ಕವಚವನ್ನು ಅಲ್ಲೇ ಬಿಸಾಡಿದೆ, ಅತ್ತೆ "ಒಳ್ಳೇದಾಯ್ತು, ಅದ್ ನಿಂಗ್ ಒಪ್ತಾನೂ ಇರ್ಲಿಲ್ಲ" ಅಂದು ಅವರೇಕಾಯಿಯ ಮೊರ ಇಟ್ಟುಕೊಂಡು ಪಕ್ಕದಲ್ಲಿ ಕೂತರು.

ಕಾವಲುಗಾರ ಸುಮ್ಮನೆ ಬಿಟ್ಟ. ಬೋರ ಅದೇ ಬಂಡೆಯ ಮೇಲಿದ್ದ. ಪಾತ್ರೆ ಕೈಗೆ ತೆಗೆದುಕೊಂಡ. ಉತ್ತರಗಳು ಬಂದವು. ನಾನು ಕೊನೆಯದನ್ನು ಒತ್ತಿದೆ. ಏನೂ ಆಗಲಿಲ್ಲ. ಬೋರ ತಿನ್ನುತ್ತಿದ್ದ, ಶೈಲಾ ನಿಂತಿದ್ದಳು. ಹೊರಗೆ ವಿಮಾನವೊಂದು ತಗ್ಗಿನಲ್ಲಿ ಹೋಗಿ ಕಿಟಕಿ ನಡುಗಿತು. ನನ್ನ ಇಡೀ ನೌಕರಿಯಲ್ಲಿ ಒಬ್ಬರ ಎದುರು ಇಷ್ಟು ಹೊತ್ತು ಬಾಯಿ ಮುಚ್ಚಿಕೊಂಡು ನಿಂತದ್ದಿಲ್ಲ, ದವಡೆ ನೋಯತೊಡಗಿತ್ತು. ಪಾತ್ರೆ ಖಾಲಿಯಾಯಿತು. ಬೋರ ಅದನ್ನು ತೊಡೆಯ ಮೇಲಿಟ್ಟುಕೊಂಡು, ಕತ್ತೆತ್ತಿ ನೋಡದೆ, ಬಂಡೆಯ ಮೇಲೆ ಒಂದು ಚೂರು ಸರಿದು ಕೂತ. ಒಬ್ಬರಿಗಾಗುವಷ್ಟು ಜಾಗ. ಶೈಲಾ ಹೋಗಿ ಅಲ್ಲಿ ಕೂತಳು.

 ಅದೇ ಹೊತ್ತಿಗೆ ಕೆಳಗೆ ಉತ್ತರಗಳ ಹೊಸ ಸಾಲು ಮೂಡಿತು. ಮೊದಲನೆಯದು, "ನನ್ನನ್ನು ಅರ್ಥ ಮಾಡಿಕೊಂಡಿದ್ದಕ್ಕೆ ಧನ್ಯವಾದ." ಎಂಥ ಒಳ್ಳೆಯ ವಾಕ್ಯ! ನಾನೇ ಬರೆದ ಹಾಗಿತ್ತು. ಹೆಬ್ಬೆರಳು ತಾನಾಗಿ ಅದರ ಮೇಲೆ ಹೋಗಿತ್ತು. ಅತ್ತೆಗೆ ಒಂದಕ್ಷರ ಓದಲು ಬಾರದು, ನನ್ನ ಬೆರಳನ್ನು ನೋಡಿದರು ಅಷ್ಟೆ. ಅವರೇಕಾಯಿಯ ಸೊಗಡು ಹತ್ತಿದ ಕೈಯಿಂದ ನನ್ನ ಕೈಯನ್ನು ಗಟ್ಟಿಯಾಗಿ ಒತ್ತಿ ಹಿಡಿದು, "ಸುಮ್ಕಿರೇ ಸೈಲಾ," ಅಂದರು. "ಈಗ್ ತಾನೇ ಜಾಗ ಕೊಟ್ಟವ್ನೆ. ಬಾಯ್ ಬುಟ್ಟು ಕೆಡಿಸ್ಕಬ್ಯಾಡ."